ಕಾರ್ಬುರೇಟರಿನ ಕೆಳಗಿನ ರಟ್ಟು

ಇಟ್ಟಿಗಿಯ ಗುರುಸಂಗಪ್ಪ ಮೇಷ್ಟ್ರು ಮೂವತ್ತೆರಡು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತರಾದರು. ಜಗತ್ತಿಗೆ ಕಲಿಸುವುದು ಇನ್ನೂ ಬಾಕಿ ಇದೆ ಅನಿಸಿತೋ ಏನೋ, ಒಂದು ಹಳೇ ಅಂಬಾಸಿಡರ್ ಕಾರು ಕೊಂಡರು. ಇಪ್ಪತ್ತು ವರ್ಷದ ಕಾರು ತಕರಾರಿಲ್ಲದೆ ಓಡುತ್ತಿತ್ತು, ಮೇಷ್ಟ್ರು ಅದನ್ನು ಸುಧಾರಿಸಲು ಹೊರಡುವವರೆಗೆ.

೧೯೯೮ರ ಬೇಸಿಗೆಯಲ್ಲಿ ಅವರೇ, ಗಾಳಿ ಪೆಟ್ರೋಲು ಬೆರೆಸುವ ಕಾರ್ಬುರೇಟರ್ ಬಿಚ್ಚಿ, ತೊಳೆದು, ಮತ್ತೆ ಕೂರಿಸಿದರು. ಅಂದಿನಿಂದ ಕಾರಿಗೊಂದು ರೋಗ ಅಂಟಿಕೊಂಡಿತು. ರಸ್ತೆಯಲ್ಲಿ ಓಡುವಾಗ ಪರವಾಗಿಲ್ಲ. ನಿಲ್ಲಿಸಿ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಎಂಜಿನ್ ಚಳಿಜ್ವರ ಬಂದಂತೆ ನಡುಗಿ, ಎರಡು ಸಲ ಬಿಕ್ಕಿ, ಆಫ್ ಆಗುತ್ತಿತ್ತು.

"ಬಿಸಿಲಿಗೆ ಹಂಗ ಆಗ್ತೈತಿ," ಎಂದು ಮೇಷ್ಟ್ರು ತೀರ್ಪು ಕೊಟ್ಟರು. ಮಳೆಗಾಲ ಬಂತು. ಕಾರಿಗೆ ಅದು ಗೊತ್ತಾಗಲಿಲ್ಲ.

ಹೆಂಡತಿ ಶಿವಬಸಮ್ಮನಿಗೆ ಬೇರೆಯೇ ಸಂಕಟ. ಮಾಗಳದಲ್ಲಿದ್ದ ಅವಳ ಚಿಕ್ಕಪ್ಪನ ಮಗ ಸೋಮಶೇಖರ ತನ್ನ ಮಗಳು ಶಾಂಭವಿಯ ಮದುವೆಗೆ ಲಗ್ನಪತ್ರಿಕೆ ಕಳಿಸಿರಲಿಲ್ಲ. ಬಳಗವೆಲ್ಲ ಹೋಗಿ ಉಂಡು ಬಂತು; ಇವಳು ಹೋಗಲಿಲ್ಲ. "ಒಂದ್ ಕಾರ್ಡ್ ಕಳಸಾಕ ಕೈ ಬರ್ಲಿಲ್ಲ ಅವ್ನಿಗೆ. ಇನ್ನ ಮಾಗಳದ ಹೆಸ್ರು ಎತ್ಬ್ಯಾಡ್ರಿ!" ಎಂದು ಗಂಡನಿಗೆ ತಾಕೀತು ಮಾಡಿದಳು. ಮೇಷ್ಟ್ರು ಎತ್ತಲೇ ಇಲ್ಲ. ಲಗ್ನವಾದ ಇಷ್ಟು ವರ್ಷದಲ್ಲಿ ಹೆಂಡತಿಯ ಮಾತನ್ನು ಅವರು ಅಷ್ಟು ನಿಷ್ಠೆಯಿಂದ ಪಾಲಿಸಿದ್ದು ಅದೇ ಮೊದಲು.

ಹರಪನಹಳ್ಳಿಯ ಮೆಕ್ಯಾನಿಕ್ ಪ್ಲಗ್ ಬದಲಿಸಿದ. ಕೊಟ್ಟೂರಿನವನು ಪಾಯಿಂಟ್ ಉಜ್ಜಿ ಟೈಮಿಂಗ್ ತಿದ್ದಿದ. ಇಬ್ಬರ ತಲೆ ಮೇಲೂ ನಿಂತು ಮೇಷ್ಟ್ರು ದಹನಕ್ರಿಯೆಯ ಪಾಠ ಒಪ್ಪಿಸಿದರು. ಪಾಠ ತಪ್ಪಿಸಿಕೊಳ್ಳಲೆಂದೇ ಇಬ್ಬರೂ ಕೆಲಸ ಬೇಗ ಮುಗಿಸಿರಬೇಕು. ಕಾರ್ಬುರೇಟರಿಗೆ ಮಾತ್ರ ಯಾರೂ ಕೈ ಹಚ್ಚುವಂತಿರಲಿಲ್ಲ. "ಅದು ನಾನು ಕುಂದ್ರಿಸಿದ್ದು. ಅದ್ರಾಗ ತಪ್ಪಿರಾಕ ಸಾಧ್ಯನ ಇಲ್ಲ."

ನಾಗರಪಂಚಮಿಯ ಹಿಂದಿನ ದಿನ ಗಂಡ ಹೆಂಡತಿ ಹಬ್ಬದ ಸಾಮಾನಿಗೆ ಹಡಗಲಿಗೆ ಹೋದರು. ಬಸ್ ಸ್ಟ್ಯಾಂಡ್ ಎದುರು ಕಾರು ಮೂರು ಸಲ ಆಫ್ ಆಯಿತು. ಹಿಂದಿನ ಬಸ್ಸಿನ ಡ್ರೈವರ್ ವಿಜ್ಞಾನಕ್ಕೆ ಸಂಬಂಧವಿಲ್ಲದ ಮಾತು ಆಡಿದ ಮೇಲೆ ನಾಲ್ಕು ಜನ ಸೇರಿ ಕಾರನ್ನು ಜಂಬಯ್ಯನ ಗ್ಯಾರೇಜಿಗೆ ತಳ್ಳಿದರು.

ಜಂಬಯ್ಯ ಪಾಠವನ್ನೆಲ್ಲ ತಲೆಯಾಡಿಸಿ ಕೇಳಿದ. ಒಂದು ಅಕ್ಷರವನ್ನೂ ತಲೆಗೆ ಹಾಕಿಕೊಳ್ಳಲಿಲ್ಲ. ಆಫ್ ಆಗದಂತೆ ಆಕ್ಸಿಲರೇಟರ್ ತುಸು ಎಳೆದಿಟ್ಟು, ಎಂಜಿನ್ ನಡೆಯುತ್ತಿರುವಾಗಲೇ ಪ್ಲಗ್ ವೈರುಗಳನ್ನು ಒಂದೊಂದಾಗಿ ಕಿತ್ತು ಹಾಕಿ ನೋಡಿದ. ಯಾವುದನ್ನು ಕಿತ್ತರೂ ನಡುಕ ಹೆಚ್ಚಿತು.

"ನಾಲ್ಕೂ ಸಿಲಿಂಡರ್ ಕೆಲಸ ಮಾಡ್ತಾವ್ರಿ. ಬ್ಯಾನಿ ಬ್ಯಾರೆ ಕಡಿ ಐತಿ."

ಆಮೇಲೆ ಚೊಂಬಿನ ನೀರನ್ನು ಕಾರ್ಬುರೇಟರಿನ ಬುಡಕ್ಕೆ ಹನಿಹನಿಯಾಗಿ ಬಿಟ್ಟ. ಸಂದಿ ನೀರನ್ನು ಸೊರ್ರನೆ ಒಳಕ್ಕೆ ಎಳೆದುಕೊಂಡಿತು. ನಡುಕ ನಿಂತು ಎಂಜಿನ್ ಒಂದು ಗಳಿಗೆ ಹದವಾಗಿ ನಡೆಯಿತು. ನೀರು ಮುಗಿದದ್ದೇ ಮತ್ತೆ ಚಳಿಜ್ವರ.

"ಇಲ್ಲಿಂದ ಗಾಳಿ ಒಳಗ ಹೊಗ್ತೈತ್ರಿ ಮೇಷ್ಟ್ರ. ಬಿಚ್ಚಬೇಕು."

"ಬ್ಯಾಡ!" ಮೇಷ್ಟ್ರ ದನಿ ಒಡೆಯಿತು. "ಅಂದ್ರ... ಅದು ನಾಜೂಕಿನ ಭಾಗ. ಹಬ್ಬ ಆಗ್ಲಿ, ನೋಡೋಣು."

ಹಿಂದಿನ ಸೀಟಿನಿಂದ ಶಿವಬಸಮ್ಮ ಇಳಿದಳು. "ಬಿಚ್ಚಪಾ ಜಂಬಯ್ಯ. ನಾ ಹೇಳ್ತೀನಿ, ಬಿಚ್ಚು."

ಬಿಚ್ಚಿದ. ಗಾಳಿ ನುಸುಳದಂತೆ ಸಂದಿ ಮುಚ್ಚುವ ಗ್ಯಾಸ್ಕೆಟ್ ಇರಬೇಕಾದ ಜಾಗದಲ್ಲಿ ಕತ್ತರಿಸಿದ ರಟ್ಟೊಂದಿತ್ತು. ಪೆಟ್ರೋಲಿಗೆ ನೆನೆದು, ಕಾವಿಗೆ ಒಣಗಿ, ಒಂದು ಕಡೆ ಸೀಳಿತ್ತು. ಅದರ ಮೇಲೆ ಬಂಗಾರದ ಬಣ್ಣದ ಅಕ್ಷರ. ಜಂಬಯ್ಯ ಒರೆಸಿ, ಗಟ್ಟಿಯಾಗಿ ಓದಿದ: "ಚಿ. ಕುಂ. ಸೌ. ಶಾಂಭ... ಮಾಗಳ..."

ಅಂಚೆಯವನು ಪತ್ರಿಕೆ ತಂದ ದಿನ ಶಿವಬಸಮ್ಮ ಹೊಲದಲ್ಲಿದ್ದಳು. ಅಂದೇ ಕಾರ್ಬುರೇಟರ್ ಬಿಚ್ಚುವಾಗ ಹಳೇ ಗ್ಯಾಸ್ಕೆಟ್ ಮೇಷ್ಟ್ರ ಕೈಯಲ್ಲೇ ಹರಿದಿತ್ತು. ಪತ್ರಿಕೆಯ ರಟ್ಟು ಅದರಷ್ಟೇ ದಪ್ಪ. ಸಂಜೆ ಹೇಳಿದರಾಯಿತು ಎಂದುಕೊಂಡು ಕತ್ತರಿ ಹಾಕಿದ್ದರು, ಸಂಜೆ ಮರೆತಿದ್ದರು. ನೆನಪಾಗುವ ಹೊತ್ತಿಗೆ ಮದುವೆ ಮುಗಿದಿತ್ತು, ಹೇಳುವ ಧೈರ್ಯವೂ.

"ಲಗ್ನಪತ್ರಿಕಿ ಏನ್ರಿ ಇದು?" ಎಂದಳು ಶಿವಬಸಮ್ಮ.

"ರಟ್ಟು... ಭಾಳ ಚಲೋ ಇತ್ತು," ಎಂದರು ಮೇಷ್ಟ್ರು. ಅವತ್ತು ಅಲ್ಲಿಯವರೆಗೆ ಅವರ ಬಾಯಿಂದ ಬಂದ ಖಚಿತ ಸತ್ಯ ಅದೊಂದೇ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು ಅನಿಸಿತು ಮೇಷ್ಟ್ರಿಗೆ. ರಟ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡು, "ಖರೇ ಗ್ಯಾಸ್ಕೆಟ್ ಹಾಕು ಜಂಬಯ್ಯ, ಮಾಗಳಕ್ಕ ಹೋಗ್ಬೇಕು," ಎಂದಳು.

ಮಾಗಳದಲ್ಲಿ ಹಬ್ಬಕ್ಕೆ ಶಾಂಭವಿಯೂ ಬಂದಿದ್ದಳು. ಕರೆದರೂ ಬರಲಿಲ್ಲವೆಂದು ಮುಖ ಊದಿಸಿಕೊಂಡಿದ್ದ ಸೋಮಶೇಖರನ ಕೈಗೆ ಶಿವಬಸಮ್ಮ ರಟ್ಟು ಇಟ್ಟು, "ಇವ್ರು ಹೇಳ್ತಾರ ಕೇಳು," ಎಂದಳು.

ಮೇಷ್ಟ್ರು ಗಂಟಲು ಸರಿ ಮಾಡಿಕೊಂಡರು. "ನೋಡಪಾ, ಎಂಜಿನ್ನಿಗೆ ಗಾಳಿ, ಪೆಟ್ರೋಲು ಇಂತಿಷ್ಟು ಪ್ರಮಾಣದಾಗ ಹೋಗ್ಬೇಕು..."

"ಅಲ್ಲಿಂದ ಬ್ಯಾಡ್ರಿ. ಕತ್ರಿ ಹಿಡದ ಕಡಿಂದ ಹೇಳ್ರಿ."

ಹೇಳಿದರು. ಸೋಮಶೇಖರ ಕಂಬ ಹಿಡಿದು ನಕ್ಕ. ಶಾಂಭವಿ ಒಳಗೆ ಓಡಿಹೋಗಿ ನಕ್ಕಳು. ಶಿವಬಸಮ್ಮ ಮಾತ್ರ ಅತ್ತಳು. ಮೂರು ತಿಂಗಳು ತಮ್ಮನನ್ನು ಬೈದದ್ದೆಲ್ಲ ಅವಳಿಗೆ ಒಟ್ಟಿಗೆ ನೆನಪಾಗಿತ್ತು. ಅದನ್ನು ಕಂಡಾಗ ಮೇಷ್ಟ್ರಿಗೆ ಮೊದಲ ಸಲ ನಿಜವಾಗಿ ನಾಚಿಕೆಯಾಯಿತು.

ಅವಳು ಹಬ್ಬಕ್ಕೆ ಅಲ್ಲೇ ಉಳಿದಳು. ಮೇಷ್ಟ್ರು ಹಬ್ಬಕ್ಕೆ ಕಟ್ಟಿದ್ದ ಉಂಡೆ ತಿಂದು ಒಬ್ಬರೇ ಹೊರಟರು. ದಾರಿಗೆ ಅಡ್ಡ ಬಂದ ಕುರಿ ಹಿಂಡಿಗಾಗಿ ಕಾರು ನಿಲ್ಲಿಸಿದಾಗ ಎಂಜಿನ್ ಕಿಂಚಿತ್ತೂ ಅಲುಗದೆ ನಡೆಯುತ್ತಿತ್ತು. "ಕೇಳ್ದೇನು?" ಎನ್ನುತ್ತ ಹಿಂದಿನ ಸೀಟಿನ ಕಡೆ ತಿರುಗಿದರು. ಅಲ್ಲಿ ಯಾರೂ ಇರಲಿಲ್ಲ.