ಅತ್ತಿಗೆಗೆ ತೋರಿಸದ ಚಂದ್ರ

ಇದನ್ನು ಹೇಳದೆ ಮುಂದೂಡುವುದರಲ್ಲೇ ನನಗೆ ವಯಸ್ಸಾಯಿತು. ಪ್ರತಿ ಯುಗಾದಿಗೂ ಬಾಯಿಗೆ ಬಂದದ್ದನ್ನು ಒಬ್ಬಟ್ಟಿನ ಜೊತೆ ನುಂಗಿಬಿಡುತ್ತಿದ್ದೆ. ಈ ಸಲ ಹಬ್ಬದ ಮಾರನೆಯ ಸಂಜೆ ರಾಮನಗರದ ನಮ್ಮ ತಾರಸಿ ಹತ್ತಿದರೆ, ಪಕ್ಕದ ತಾರಸಿಯಲ್ಲಿ ರೇಷ್ಮೆ ನೂಲು ತೆಗೆಯುವ ಬಾಷಾ ಸಾಬರ ಮನೆಯವರೂ ಪಡುವಣಕ್ಕೆ ಮುಖ ಮಾಡಿ ನಿಂತಿದ್ದರು. ನಮಗೆ ಯುಗಾದಿ ಚಂದ್ರ, ಅವರಿಗೆ ರಂಜಾನ್ ಚಂದ್ರ. ನೆತ್ತಿಯ ಹತ್ತಿರ ಗುರು ಹೊಳೆಯುತ್ತಿದ್ದ. ಬೆಟ್ಟದ ಮೇಲೆ ಶುಕ್ರ. ನಮ್ಮೂರಲ್ಲಿ ಅದನ್ನು ಬೆಳ್ಳಿ ಅನ್ನುತ್ತೇವೆ. ಕಂಡರೆ ಇವತ್ತಿಗೂ ನನಗೆ ನಾಚಿಕೆ.

ನಿಮಗೆ ಗೊತ್ತಲ್ಲ, ಯುಗಾದಿ ಚಂದ್ರನನ್ನು ನೋಡಿ ಹಿರಿಯರ ಕಾಲಿಗೆ ಬೀಳುವುದು ನಮ್ಮ ರೂಢಿ. ಅವ್ವ ಇಲ್ಲದ ನನ್ನನ್ನು ಸಾಕಿದವರು ಅತ್ತಿಗೆ. ನಾನು ಹೈಸ್ಕೂಲು ಮುಗಿಸಿದ್ದೂ ಅವರ ಹಟದಿಂದಲೇ. ಬಂದ ಅಂಕಗಳ ವಿಷಯ ಬಿಡಿ. ಅವರ ಕಣ್ಣಿಗೆ ಪೊರೆ ಬಂದಮೇಲೆ ಚಂದ್ರನನ್ನು ತೋರಿಸುವುದು ನನ್ನ ಕೆಲಸವಾಯಿತು. ನನ್ನ ಬೆರಳಿನ ನೇರಕ್ಕೆ ಮುಖವೆತ್ತಿ ಕೈಮುಗಿಯುತ್ತಿದ್ದರು.

ಆಗ ನಾವು ಕೂಟಗಲ್ಲು ಹಳ್ಳಿಯಲ್ಲಿದ್ದೆವು. ಒಂದು ವರ್ಷ ಮೋಡ ಅಡ್ಡ ಬಂತು. ಹಬ್ಬದ ಇಸ್ಪೀಟಿಗೆ ಕೂತ ಗೆಳೆಯರು ಬೀದಿಯಾಚೆಯಿಂದ ಕೂಗುತ್ತಿದ್ದರು. ತಡೆಯಲಾರದೆ, ಮೋಡದ ಮೇಲ್ಗಡೆ ಕಂಡ ಬೆಳ್ಳಿಯ ಕಡೆ ಬೆರಳು ಮಾಡಿದೆ.

"ಅಗಾ ನೋಡತ್ಗೆ, ಚಂದ್ರ!"

ಅವರು ಕೈಮುಗಿದರು. ನನ್ನನ್ನು ಕರೆಯಲು ಬಂದ ಸಿದ್ದ ಬಾಗಿಲಲ್ಲೇ ನಕ್ಕ. "ಲೇ, ಬೆಳ್ಳಿ ತೋರ್ಸಿ ಚಂದ್ರ ಅಂತೀಯಲ್ಲೋ! ಮೇಷ್ಟ್ರು ಇದ್ನೇ ಕಲಿಸಿದ್ದೇನ್ಲಾ?"

ಅತ್ತಿಗೆ ಮುಗಿದ ಕೈ ಇಳಿಸಿದರು. "ಓಗ್ಲಿ ಬುಡು. ಆಡ್ಕ ಓಗು. ನಾನು ಒಸಿ ಕಾಯ್ತೀನಿ, ಮೋಡ ಸರೀಬೌದು. ಕಂಡ್ರೆ ಅಲ್ಲಿಂದ್ಲೇ ಕೂಗು ಕಣಪ್ಪ."

ಮೋಡ ಸರಿಯಿತು. ಇಸ್ಪೀಟಿನ ಜಗಲಿಯಿಂದ ಕಂಡೆ: ದೋಣಿಯ ಹಾಗೆ ಮಲಗಿದ ಎಳೆ ಚಂದ್ರ. ಕೂಗಿದ್ದರೆ ಅವರಿಗೆ ಕೇಳಿಸುತ್ತಿತ್ತು. ಕೈಯಲ್ಲಿ ಒಳ್ಳೆಯ ಎಲೆಗಳಿದ್ದವು. ಈ ಆಟ ಮುಗಿಯಲಿ ಅಂದುಕೊಂಡೆ. ಮುಗಿಯುವಷ್ಟರಲ್ಲಿ ಚಂದ್ರ ಬೆಟ್ಟದ ಹಿಂದಕ್ಕೆ ಇಳಿದಿದ್ದ. ಮನೆಗೆ ಬಂದರೆ ಅತ್ತಿಗೆ ಇನ್ನೂ ಅಂಗಳದಲ್ಲೇ ನಿಂತಿದ್ದರು.

"ಸರೀಲಿಲ್ವಾ ಮೋಡ?"

"ಇಲ್ಲ" ಅಂದೆ. ಹಬ್ಬದ ಮಾರನೆ ದಿನ ವರ್ಷತೊಡಕಿಗೆಂದು ಮಾಡುವ ಬಾಡಿನ ಸಾರು ಬಡಿಸಿದರು. ನಾಚಿಕೆಯಿಲ್ಲದೆ ಎರಡು ಸಲ ಹಾಕಿಸಿಕೊಂಡೆ.

ಅವತ್ತು ಚಂದ್ರ ಕಂಡಿದ್ದನೆಂದು ಯಾರೋ ಅವರಿಗೆ ಹೇಳಿರಬೇಕು. ಮರುವರ್ಷ ಅವರು ನನ್ನನ್ನು ಕರೆಯಲಿಲ್ಲ. ಪಕ್ಕದ ಮನೆಯ ಹುಡುಗಿಯ ಭುಜ ಹಿಡಿದು ನಿಂತರು. ಕಾಲಿಗೆ ಬಿದ್ದಾಗ ಮಾತ್ರ ಹಿಂದಿನಷ್ಟೇ ಅಕ್ಕರೆಯಿಂದ ತಲೆ ಸವರಿದರು. ಬೈದಿದ್ದರೆ ಎಂದೋ ಮರೆಯುತ್ತಿದ್ದೆ.

"ಕಾಣ್ತಾ, ಅಜ್ಜ?" ಪಕ್ಕದ ತಾರಸಿಯಿಂದ ಬಾಷಾ ಸಾಬರ ಸೊಸೆ ಈಗ ಕೇಳಿದಳು.

"ಇನ್ನೂ ಇಲ್ಲ ಕಣಮ್ಮ."

ಕಂಡಾಗ ಮೊದಲು ಕೂಗಿದವನು ನಾನೇ. ನನ್ನ ಗಂಟಲಿಗೆ ಎರಡೂ ತಾರಸಿಯವರು ನಕ್ಕರು. ಮಕ್ಕಳು ಬಂದು ನನ್ನ ಕಾಲಿಗೆ ಬಿದ್ದರು. ನಾನು ಬೀಳಬೇಕಾದ ಕಾಲು ಈಗಿಲ್ಲ. ಮೈದುನನಾದವನು ಅತ್ತಿಗೆಯ ಹೆಸರು ಹಿಡಿಯಬಾರದು ಅನ್ನುತ್ತಾರೆ. ಆದರೂ ತಪ್ಪಾಯಿತು ಎನ್ನಬೇಕಾದವರ ಹೆಸರನ್ನು ಒಮ್ಮೆಯಾದರೂ ಹೇಳಬೇಕು: ಚಿಕ್ಕತಾಯಮ್ಮ.