ಗೋಡೆಯಾಚೆಗೆ ಎರಡು ಕಿಲೋಮೀಟರ್

ಹೋದ ಭಾನುವಾರ ಬೆಳಿಗ್ಗೆ ಹಿಂದಿನ ಗೋಡೆಯಾಚೆಯಿಂದ ಸಾಸಿವೆ ಪುಡಿಯ ಘಾಟು ಬಂತು. ಆಚೆ ಬೀದಿಯ ರಾಜೇಶ್ವರಿಗಾರು ಆವಕಾಯಿ ಉಪ್ಪಿನಕಾಯಿ ಕಲೆಸುತ್ತಿದ್ದಾರೆಂದು ಹೆಂಡತಿ ಸುಧಾ ಸೀನುತ್ತಲೇ ಹೇಳಿದಳು. ಕುತೂಹಲಕ್ಕೆ ಫೋನಿನ ಮ್ಯಾಪಿನಲ್ಲಿ ಅವರ ಮನೆಗೆ ದಾರಿ ಹುಡುಕಿದೆ. ಎರಡು ಕಿಲೋಮೀಟರ್ ಎಂದಿತು. ಘಾಟಿಗೆ ಮಾತ್ರ ಇನ್ನೂ ಮೂವತ್ತೇ ಹೆಜ್ಜೆ.

ನೀವು ನಕ್ಕರೂ ಸರಿ, ಯಾವ ಊರಿಗೆ ಹೋದರೂ ನನ್ನ ಮೊದಲ ಚಿಂತೆ ಕಳೆದುಹೋಗುವುದು. ಬ್ಯಾಂಕಿನವರು ಧಾರವಾಡದಿಂದ ಎತ್ತಿ ವಿಜಯವಾಡಕ್ಕೆ ಹಾಕಿದಾಗ ಮನೆ ವಿಳಾಸದ ಚೀಟಿಯನ್ನು ಎರಡೂ ಜೇಬಿನಲ್ಲಿಟ್ಟುಕೊಂಡು ಓಡಾಡಿದವನು ನಾನು. ಒಂದು ಜೇಬನ್ನು ಯಾರಾದರೂ ಕತ್ತರಿಸಿದರೆ? ಆ ಹಳೇ ಊರಿನ ಸಂದಿಗಳೋ, ಯಾರದೋ ಜಗಲಿಯ ಪಕ್ಕ, ಇಸ್ತ್ರಿ ಬಂಡಿಯ ಹಿಂದೆ ನುಸುಳಿ ಮತ್ತೆಲ್ಲೋ ಬಾಯಿ ತೆರೆಯುತ್ತಿದ್ದವು. ದಾರಿ ತಪ್ಪಿದರೆ ಯಾವ ಸಂದಿಗಾದರೂ ನುಗ್ಗಿ, ಕಾಲುವೆ ಸಿಕ್ಕೇ ಸಿಗುತ್ತದೆ, ಅದರ ದಂಡೆ ಹಿಡಿದರೆ ಮನೆ ಎಂದು ಮನೆಯೊಡೆಯರು ಧೈರ್ಯ ಹೇಳಿದ್ದರು. ದಿನಾ ದಾರಿ ತಪ್ಪಿದೆ, ದಿನಾ ಊಟದ ಹೊತ್ತಿಗೆ ಮನೆ ಸೇರಿದೆ. ನನ್ನ ಅರ್ಧ ತೆಲುಗು ಹಾಗೆ ತಪ್ಪಿದ ದಾರಿಗಳಲ್ಲಿ ಕಲಿತದ್ದು.

ವಿಶಾಖಪಟ್ಟಣಕ್ಕೆ ವರ್ಗವಾಗಿ ಗಾಜುವಾಕದಲ್ಲಿ ಮನೆ ಹಿಡಿದಾಗ ಇಲ್ಲಿಯೂ ಮನೆಯ ಹಿಂದೆ ಒಂದು ಸಂದಿಯಿತ್ತು. ಊರು ದುವ್ವಾಡದತ್ತ, ಪರವಾಡದತ್ತ ಕಾಲು ಚಾಚುತ್ತಿತ್ತು. ಹೊಸ ಲೇಔಟುಗಳಲ್ಲಿ ಹೊಕ್ಕ ದಾರಿಯಲ್ಲೇ ಹೊರಬರಬೇಕು. ನಮ್ಮದು ಹಳೆಯದು. ಮಂಡಿನೋವಿದ್ದರೂ ರಾಜೇಶ್ವರಿಗಾರು ಆ ಸಂದಿಯಿಂದ ದಿನಾ ಬರುತ್ತಿದ್ದರು. ಮಗಳು ಹಾಸ್ಟೆಲಿಗೆ ಹೋದ ಮೇಲೆ ಸುಧಾಗೆ ಮಾತಿಗೆಂದು ಉಳಿದವರು ಅವರೊಬ್ಬರೇ. ಅವರು ಇವಳ ತೆಲುಗು ತಿದ್ದುತ್ತಿದ್ದರು. ಇವಳು ಅವರಿಗೆ ಜೋಳದ ರೊಟ್ಟಿ ಬಡಿಯಲು ಕಲಿಸಿ, ಆಮೇಲೆ ಅದನ್ನು ಹಪ್ಪಳವೆಂದು ಹಂಗಿಸುತ್ತಿದ್ದಳು.

ಹೋದ ವರ್ಷ ಕಾಲೊನಿಯವರು ಸಂದಿಗೆ ಗೇಟು ಹಾಕಿ ಬೀಗ ಜಡಿದರು. ಕಳ್ಳರ ಭಯ. ರಾಜೇಶ್ವರಿಗಾರು ಎರಡು ಸಲ ಆಟೋದಲ್ಲಿ ಹೆದ್ದಾರಿ ಸುತ್ತಿ ಬಂದರು, ಆಮೇಲೆ ಬರಲಿಲ್ಲ. ಹೆದ್ದಾರಿಯ ಲಾರಿಗಳಿಗೆ ಹೆದರಿ ಸುಧಾಳನ್ನು ಹೋಗದಂತೆ ತಡೆದವನು ನಾನು. ಸಂದಿ ಮುಚ್ಚಿರೆಂದು ಅರ್ಜಿ ಬರೆದು ಮೊದಲ ಸಹಿ ಹಾಕಿದವನೂ ನಾನೇ ಎಂಬುದನ್ನು ಮಾತ್ರ ಅವಳಿಗೆ ಹೇಳಿರಲಿಲ್ಲ. ಅವಳು ಕಾಲೊನಿಯ ಸೆಕ್ರೆಟರಿಯನ್ನು ಬೈಯುವಾಗ ನಾನೂ ಜೊತೆಗೆ ಎರಡು ಮಾತು ಬೈದದ್ದುಂಟು.

ಆ ಭಾನುವಾರ ಮ್ಯಾಪು ಮುಚ್ಚಿಟ್ಟು ಹೇಳಿಬಿಟ್ಟೆ.

"ಗೊತ್ತದ," ಅಂದಳು ಸುಧಾ. "ನಿಮ್ಮ ಅಕ್ಷರದ ಅರ್ಜಿ ವಾಚ್‌ಮನ್ ಗೂಡಿನ್ಯಾಗ ತಿಂಗಳುಗಟ್ಟಲೆ ಅಂಟಿಸಿದ್ರು. ನೀವಾಗೇ ಯಾವಾಗ ಬಾಯಿ ಬಿಡ್ತೀರಿ ಅಂತ ಕಾಯ್ಲಿಕತ್ತಿದ್ದೆ."

ಸಂಜೆ ಕಾಲೊನಿಯ ಸಭೆಯಲ್ಲಿ ಎದ್ದು ನಿಂತು, ಗೇಟನ್ನು ಹಗಲಾದರೂ ತೆರೆಯೋಣ ಎಂದೆ. ಮುಚ್ಚಿರೆಂದು ಬರೆದುಕೊಟ್ಟವರೂ ತಾವೇ ಅಲ್ಲವೇ ಎಂದು ಸೆಕ್ರೆಟರಿ ಬಹು ಮರ್ಯಾದೆಯಿಂದ ನೆನಪಿಸಿದರು. ನಾಳೆ ಕಳವಾದರೆ ಯಾರು ಜವಾಬ್ದಾರಿ ಎಂದೂ ಕೇಳಿದರು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಮೂರು ಸಲ ಎದ್ದು ನೋಡುವವನು ನಾನು.

"ನಾನು," ಎಂದೆ.

ಬೀಗದ ಕೈಯನ್ನು ನನ್ನ ಕೈಗೇ ಹಾಕಿದರು. ಈ ವಾರವೆಲ್ಲ ಬೆಳಿಗ್ಗೆ ಗೇಟು ತೆರೆದು ಬ್ಯಾಂಕಿಗೆ ಹೋಗಿದ್ದೇನೆ. ಎಲ್ಲ ನೆಟ್ಟಗಿದೆಯೇ ಎಂದು ಕೇಳಲು ಅಲ್ಲಿಂದ ದಿನಕ್ಕೆ ನಾಲ್ಕು ಸಲ ಸುಧಾಗೆ ಫೋನು ಮಾಡುತ್ತೇನೆ. ಅವಳು ಎತ್ತುವುದಿಲ್ಲ. ಮಾತಿನಲ್ಲಿರುತ್ತಾಳೆ.