ಫ್ರಾಂಕ್‌ಫರ್ಟಿನಿಂದ ಒಂದೂವರೆ ಗಂಟೆ

ಮೇಲಿನ ಮನೆಯ ಅಕ್ಕನ ಕಿವಿಯ ತೂತುಗಳಲ್ಲಿ ಓಲೆಯ ಬದಲು ಕಸ ಗುಡಿಸುವ ಹಿಡಿಸೂಡಿಯ ಕಡ್ಡಿ ಚೂರುಗಳಿದ್ದವು. ಓಲೆಗಳು ಮಗಳ ನರ್ಸಿಂಗ್ ಓದಿಗೆ ಹೋಗಿದ್ದವು. "ತೂತು ಮುಚ್ಚಿದರೆ ಮತ್ತೆ ಚುಚ್ಚುವವರು ಯಾರು ಮಾರಾಯ್ತಿ?" ಎಂದು ನಗುತ್ತಿದ್ದರು.

ದೋಹಾದ ಅಲ್ ಹಿಲಾಲ್‌ನಲ್ಲಿ ನಾವು ಕೆಳಗಿನ ಮನೆಯಲ್ಲಿದ್ದೆವು. ನನ್ನ ಗಂಡನಿಗೆ ಮೆಸಯೀದ್‌ನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಮೇಲೆ ನಮ್ಮ ಕರಾವಳಿಯವರೇ ಆದ ಒಬ್ಬ ವ್ಯಾಪಾರಿಯ ಕುಟುಂಬ. ಅಕ್ಕ ಅಲ್ಲಿ ಆಯಾ. ಮೊದಲ ಬಸಿರಿನಲ್ಲಿ ನಾನು ಅನ್ನದ ವಾಸನೆಗೂ ವಾಕರಿಸುತ್ತಿದ್ದಾಗ, ಮಧ್ಯಾಹ್ನ ಕೆಳಗಿಳಿದು ಬಂದು ಗಂಜಿತಿಳಿಗೆ ಉಪ್ಪು ಹಾಕಿ ಕುಡಿಸಿದವರು ಅವರು. ಯಜಮಾನಿಯ ಕಿರಿಯ ಮಗು ಹೆತ್ತವಳನ್ನು 'ಮಮ್ಮಿ' ಎಂದೂ ಇವರನ್ನು 'ಅಮ್ಮ' ಎಂದೂ ಕರೆಯುತ್ತಿತ್ತು.

ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಆ ಮನೆಯವರು ಯುರೋಪಿಗೆ ಹೊರಟರು. ಲಂಡನ್ನಿನಲ್ಲಿ ನರ್ಸ್ ಆಗಿದ್ದ ಅಕ್ಕನ ಮಗಳಿಗೆ ಅದೇ ಹೊತ್ತಿಗೆ ದಿನ ತುಂಬಿತ್ತು. "ಫ್ರಾಂಕ್‌ಫರ್ಟ್‌ವರೆಗೆ ಮಕ್ಕಳನ್ನು ನೋಡಿಕೊಂಡು ಬಾ. ಅಲ್ಲಿಂದ ಲಂಡನ್ ಒಂದೂವರೆ ಗಂಟೆ. ನಾನೇ ವಿಮಾನ ಹತ್ತಿಸ್ತೇನೆ" ಎಂದರು ಯಜಮಾನಿ. ಲಂಡನ್ನಿನ ವೀಸಾ ಕೂಡ ಆಯಿತು.

"ದೂರ ಎಷ್ಟುಂಟು?" ಎಂದು ಅಕ್ಕ ನನ್ನ ಗಂಡನನ್ನು ಕೇಳಿದರು.

"ಆರುನೂರೈವತ್ತು ಕಿಲೋಮೀಟರ್ ಇದ್ದೀತು. ಬೊಂಬಾಯಿಯಿಂದ ವಿಮಾನದಲ್ಲಿ ಮಂಗಳೂರಿನ ಬಜ್ಪೆಗೆ ಬಂದ ಹಾಗೆ ಅಕ್ಕ."

"ಹಾಗಾದ್ರೆ ಒಂದು ನಿದ್ದೆಯೂ ಆಗುದಿಲ್ಲ!" ಬಾಣಂತಿ ಲೇಹ್ಯದ ಡಬ್ಬಿಯನ್ನು ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗಿಟ್ಟರು.

ಅಲ್ಲಿ ನಡೆದದ್ದನ್ನು ಅಕ್ಕ ನನಗೆ ಹೇಳಿದ್ದು ಆಮೇಲೆ. ಫ್ರಾಂಕ್‌ಫರ್ಟಿನಲ್ಲಿ ಯಜಮಾನಿ ದಿನವೂ "ನಾಳೆ" ಎಂದರು. ಪಾಸ್‌ಪೋರ್ಟ್ ಅವರ ಬ್ಯಾಗಿನಲ್ಲಿತ್ತು. ಅಳಿಯ ಎರಡು ಸಲ ಲಂಡನ್ ಏರ್‌ಪೋರ್ಟಿನಲ್ಲಿ ಕಾದು ಮರಳಿದ. ಕೊನೆಗೆ ಯಜಮಾನಿ, "ಹೆರಿಗೆ ಮಾಡಿಸ್ಲಿಕ್ಕೆ ಅಲ್ಲಿ ಡಾಕ್ಟರುಗಳಿಲ್ವಾ? ನೀನು ಹೋದ್ರೆ ಈ ಮಕ್ಕಳನ್ನು ನೋಡುವುದು ಯಾರು? ಸುದ್ದಿ ಬಂದ್ರೆ ಹೇಳ್ತೇನೆ" ಎಂದುಬಿಟ್ಟರು.

ಸುದ್ದಿ ಬಂತು. ಗಂಡು ಮಗು ಉಳಿಯಿತು, ಹೆತ್ತವಳು ಉಳಿಯಲಿಲ್ಲ. ಅಳಿಯ ಹೋಟೆಲಿಗೆ ಮಾಡಿದ ಫೋನನ್ನು ಯಜಮಾನಿಯೇ ಎತ್ತಿಕೊಂಡರು. ಅಕ್ಕನಿಗೆ ಹೇಳಲಿಲ್ಲ. ರಜೆ ಇನ್ನೂ ಮುಗಿದಿರಲಿಲ್ಲ.

ಅಳಿಯ ನಮ್ಮ ಮನೆಗೂ ಫೋನ್ ಮಾಡಿದ್ದ. ಅಕ್ಕನಿಗೆ ಗೊತ್ತಿದೆಯೆಂದೇ ನಾನು ತಿಳಿದಿದ್ದೆ. ದೋಹಾಕ್ಕೆ ಮರಳಿದ ದಿನ ಅವರು ಚಾಕೊಲೇಟ್ ಹಿಡಿದು ಬಾಗಿಲಿಗೆ ಬಂದಾಗ ತಬ್ಬಿಕೊಂಡು ಅತ್ತುಬಿಟ್ಟೆ.

"ಎಂತಾಯ್ತು ನಿಂಗೆ? ಬಸುರಿ ಅಳ್ಬಾರ್ದು" ಎಂದು ಅವರು ನನ್ನ ಬೆನ್ನು ಸವರಿದರು.

ನಾನೇ ಹೇಳಬೇಕಾಯಿತು.

ಅಕ್ಕ ಅಳಲಿಲ್ಲ. ನೇರ ಮೇಲೆ ಹೋದರು. ಹೆದರಿಕೆಯಾಗಿ ನಾನೂ ಹಿಂದೆಯೇ ಹತ್ತಿದೆ.

"ಮೊದಲೇ ಹೇಳಿದ್ರೆ ನೀನು ಹೋಗಿ ಮಾಡ್ಲಿಕ್ಕೆ ಎಂತ ಇತ್ತು?" ಎಂದರು ಯಜಮಾನಿ.

"ಮುಖ ನೋಡ್ತಿದ್ದೆ."

ಅಷ್ಟರಲ್ಲಿ ಕಿರಿಯ ಮಗು "ಅಮ್ಮಾ" ಎಂದು ಓಡಿಬಂದು ಅಕ್ಕನ ಕಾಲು ತಬ್ಬಿತು. ಅಕ್ಕ ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. "ನಿನ್ನಮ್ಮ ಅಲ್ಲಿದ್ದಾರೆ. ನಾನು ಕೆಲಸದವಳು."

ಬದಲಿ ಆಯಾ ಬರುವವರೆಗೆ ಯಜಮಾನರು ಊರಿಗೆ ಬಿಡಲಿಲ್ಲ. ಅಷ್ಟು ಕಾಲವೂ ಅಕ್ಕ ಆ ಮಗುವನ್ನು ಮೀಯಿಸಿದರು, ಉಣಿಸಿದರು, ಎತ್ತಿಕೊಳ್ಳಲಿಲ್ಲ, ಮಾತಾಡಿಸಲಿಲ್ಲ. ಅದು ಬಾಗಿಲ ಬುಡದಲ್ಲಿ ಕೂತು ಬಿಕ್ಕುವುದು ಕೆಳಗೆ ನನಗೂ ಕೇಳಿಸುತ್ತಿತ್ತು.

"ಅಕ್ಕಾ, ಆ ಮಗು ಎಂತ ತಪ್ಪು ಮಾಡಿದೆ?" ಎಂದು ತಡೆಯಲಾರದೆ ಕೇಳಿದೆ.

"ನನ್ನ ಮಗಳು ಮಾಡಿದ ತಪ್ಪು ಎಂತದು?"

ಊರಿಗೆ ಹೋದ ಅಕ್ಕ ಹೆಚ್ಚು ಕಾಲ ಬದುಕಲಿಲ್ಲ. ಮೊಮ್ಮಗನನ್ನು ನೋಡಲೇ ಇಲ್ಲ. ತೀರಿಕೊಂಡ ಸುದ್ದಿ ಬಂದ ದಿನ, ಮೆಟ್ಟಿಲಲ್ಲಿ ಸಿಕ್ಕ ಯಜಮಾನಿಗೆ ಹೇಳಿದೆ.

"ಅಯ್ಯೋ ಪಾಪ" ಎಂದರು ಅವರು, ಕಾರಿನ ಕೀ ಹುಡುಕುತ್ತ. "ಅಂಥ ಆಯಾ ನಮಗೆ ಮತ್ತೆ ಸಿಗ್ಲೇ ಇಲ್ಲ ನೋಡಿ."